ಹೋಗಿ ಬರುತ್ತೇನೆ

ಗಾಜನೂರಿನ ನಮ್ಮ ಮನೆಯ ಜಗುಲಿಯಲ್ಲಿ ಕುಳಿತರೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆ ಕಾಣುತ್ತದೆ. ತುಂಗಾ ಅಣೆಕಟ್ಟನ್ನು ನೋಡಲು ಬರುವವರು, ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗುವವರು, ಕುಂದಾದ್ರಿಯ ಯಾತ್ರೆಗೆ ಹೊರಟ ನಮ್ಮವರು, ಎಲ್ಲರೂ ಈ ದಾರಿಯಲ್ಲಿಯೇ ಹಾದುಹೋಗುತ್ತಾರೆ. ಆದರೆ ಕೆಲವು ಭಾನುವಾರಗಳಲ್ಲಿ ಬಸ್ಸಿನಿಂದ ಇಳಿಯುವ ಜನರೇ ಬೇರೆ. ಸೊರಬ, ಶಿಕಾರಿಪುರ, ಹೊಸನಗರಗಳ ಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದ ತಂದೆತಾಯಿಗಳು ಅವರು. ಕೈಯಲ್ಲಿ ಕೋಡುಬಳೆಯ ಡಬ್ಬಿ, ಒಗೆದು ಮಡಿಸಿದ ಬಟ್ಟೆಯ ಚೀಲ. ಇಲ್ಲಿಯ ಜವಾಹರ ನವೋದಯ ವಿದ್ಯಾಲಯದಲ್ಲಿ ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ಮಕ್ಕಳು ವಸತಿಯಿದ್ದು ಓದುತ್ತಾರೆ. ಭೇಟಿಗೆ ಅನುಮತಿಯಿರುವ ದಿನ ಹೆತ್ತವರು ಬರುತ್ತಾರೆ. ಸಂಜೆ ಹಿಂದಿರುಗುವಾಗ ಪ್ರತಿಯೊಬ್ಬ ತಾಯಿಯೂ ಮಗುವಿನ ತಲೆ ಸವರಿ ಒಂದೇ ಮಾತು ಹೇಳುತ್ತಾಳೆ: "ಹೋಗಿ ಬರ್ತೀನಿ, ಮಗಾ."

ಕನ್ನಡದಲ್ಲಿ ನಾವು "ಹೋಗುತ್ತೇನೆ" ಎನ್ನುವುದಿಲ್ಲ, ಅದು ಅಶುಭ. ಹೋಗುವವರು ಬರುವ ಮಾತನ್ನಾಡಿಯೇ ಹೋಗಬೇಕು. ನವೋದಯದ ತಾಯಿ ಆ ಮಾತನ್ನು ಆಡುತ್ತಾಳೆ, ಮುಂದಿನ ಭೇಟಿಯ ದಿನ ಬರುತ್ತಾಳೆ. ನಾನೂ ಒಮ್ಮೆ ಪರದೇಶದಲ್ಲಿ, ಒಂದು ಮಗುವಿಗೆ ಇದೇ ಮಾತನ್ನು ಆಡಿದ್ದೆ. ಮತ್ತೆ ಹೋಗಲಿಲ್ಲ. ಧರ್ಮಬಂಧುಗಳೇ, ಈ ಲೇಖನ ಆ ಒಂದು ಮಾತಿನ ಪ್ರತಿಕ್ರಮಣ. ನನ್ನ ದೋಷವನ್ನು ಮಾತ್ರ ಹೇಳಿ ಮುಗಿಸುವುದಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಅದೇ ದೋಷವನ್ನು ನಮ್ಮಲ್ಲಿ ಅನೇಕರು ಪುಣ್ಯಕಾರ್ಯವೆಂದು ತಿಳಿದು ಮಾಡುತ್ತಿದ್ದೇವೆ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಹಿಂದಿ ಅಧ್ಯಾಪಕಿಯಾಗಿದ್ದು ನಿವೃತ್ತಳಾದವಳು. ಯಜಮಾನರು ನೀರಾವರಿ ಇಲಾಖೆಯಲ್ಲಿದ್ದರು. ಅಣೆಕಟ್ಟಿನ ಕೆಲಸದ ಮೇಲೆ ಬಂದ ಊರಿನಲ್ಲಿಯೇ ಮನೆ ಕಟ್ಟಿದರು. ಅವರು ತೀರಿಕೊಂಡ ಮರುವರ್ಷ, 2012ರ ಡಿಸೆಂಬರಿನಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿರುವ ನನ್ನ ಮಗನಿಂದ ದೂರವಾಣಿ ಬಂದಿತು. ಮೊಮ್ಮಗಳಿಗೆ ಆಗ ಹತ್ತೊಂಬತ್ತು. ವಿಶ್ವವಿದ್ಯಾಲಯದ ಬೇಸಗೆ ರಜೆಯಲ್ಲಿ ಆರು ವಾರ ನೇಪಾಳದ ಒಂದು ಅನಾಥಾಲಯದಲ್ಲಿ ಸೇವೆ ಮಾಡಲು ಹೊರಟಿದ್ದಳು. ಅಲ್ಲಿಯ ಯುವಜನರಲ್ಲಿ ಅದು ರೂಢಿ. ಸೇವೆ ಮಾಡುವವರೇ ಅದನ್ನು ಏರ್ಪಡಿಸುವ ಸಂಸ್ಥೆಗೆ ಶುಲ್ಕ ಕಟ್ಟಬೇಕು. ಅವಳು ಕಟ್ಟಿದ ಮೊತ್ತ ನನ್ನ ನಾಲ್ಕು ತಿಂಗಳ ನಿವೃತ್ತಿ ವೇತನಕ್ಕಿಂತ ಹೆಚ್ಚಿತ್ತು. ಒಬ್ಬಳನ್ನೇ ಕಳುಹಿಸಲು ಮಗನಿಗೆ ಅಳುಕು. "ಅಮ್ಮಾ, ನೀನು ಜೊತೆಗಿದ್ದರೆ ನಮಗೆ ಧೈರ್ಯ" ಎಂದ. ನಾನು ಒಪ್ಪಿದೆ. ಮೊಮ್ಮಗಳ ರಕ್ಷಣೆ ಒಂದು ನೆಪ. ಮನೆಯಲ್ಲಿ ಮಾತನಾಡುವವರಿಲ್ಲದೆ ಬರಿದಾಗಿದ್ದ ನನ್ನ ಮಡಿಲಿಗೆ ಮಕ್ಕಳು ಬೇಕಾಗಿದ್ದರು. ನಾನು ಕೊಡಲು ಹೋಗಲಿಲ್ಲ, ಪಡೆಯಲು ಹೋದೆ ಎಂಬುದನ್ನು ಅರಿಯಲು ನನಗೆ ಬಹಳ ದಿನ ಹಿಡಿಯಿತು.

ಕಠ್ಮಂಡು ಕಣಿವೆಯ ಹೊರವಲಯದಲ್ಲಿ ಬಾಡಿಗೆಯ ಮೂರಂತಸ್ತಿನ ಮನೆ. ನಾಲ್ಕು ವರ್ಷದ ಕೂಸಿನಿಂದ ಹದಿನೈದು ವರ್ಷದ ಹುಡುಗನವರೆಗೆ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳು. ಮಾಘಮಾಸದ ಚಳಿ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ವಿದ್ಯುತ್ತಿಲ್ಲ. ನಮ್ಮಂತೆ ಬಂದಿದ್ದ ಬೇರೆ ಬೇರೆ ದೇಶಗಳ ಆರೇಳು ಯುವಕ ಯುವತಿಯರು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು, ಆಟವಾಡಿಸುತ್ತಿದ್ದರು, ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಒಬ್ಬರು ಎರಡು ವಾರಕ್ಕೆ, ಮತ್ತೊಬ್ಬರು ತಿಂಗಳಿಗೆ ಬಂದವರು. ಅವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಅಡಿಗೆ ಮಾಡಿ, ಬಟ್ಟೆ ಒಗೆದು, ರಾತ್ರಿ ಮಕ್ಕಳ ಕೋಣೆಯಲ್ಲಿಯೇ ಮಲಗುತ್ತಿದ್ದ ಒಬ್ಬ ಹೆಂಗಸಿದ್ದಳು. ಎಲ್ಲರೂ ಅವಳನ್ನು ದಿದಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಸೂರ್ಯಾಸ್ತದ ನಂತರ ನಾನು ಉಣ್ಣುವುದಿಲ್ಲವೆಂದು ತಿಳಿದ ಮೇಲೆ ಆ ತಾಯಿ ದಿನವೂ ನನಗಾಗಿ ಅನ್ನ ಬೇಳೆಯನ್ನು ಮುಂಚಿತವಾಗಿ ಬೇಯಿಸುತ್ತಿದ್ದಳು. ನಾನು ಉಣ್ಣುವಾಗ ಮಕ್ಕಳು ಇಳಿಬಿಸಿಲಿನಲ್ಲಿ ನನ್ನ ಸುತ್ತ ಕುಳಿತು, ಈ ಅಜ್ಜಿಗೆ ಕತ್ತಲೆಯ ಭಯವೋ ಏನೋ ಎಂದು ನಗುತ್ತಿದ್ದರು. ನನ್ನನ್ನು "ಹಜುರಾಮಾ" ಎಂದು ಕರೆದರು. ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ.

ಮೊದಲ ದಿನವೇ ನಾಲ್ಕು ವರ್ಷದ ಹುಡುಗಿಯೊಬ್ಬಳು ಓಡಿಬಂದು ಮೊಮ್ಮಗಳ ತೊಡೆಯೇರಿ ಕುಳಿತಳು, ಕತ್ತು ತಬ್ಬಿಕೊಂಡಳು. "ಅಜ್ಜಿ, ನೋಡು, ಇವಳಿಗೆ ನಾನು ಎಷ್ಟು ಬೇಗ ಇಷ್ಟ ಆದೆ!" ಎಂದು ಮೊಮ್ಮಗಳ ಕಣ್ಣು ತುಂಬಿ ಬಂದವು. ನನಗೂ ಸಂತೋಷವೇ ಆಯಿತು. ಆದರೆ ನಾಲ್ಕನೆಯ ದಿನ ಹೊಸಬನೊಬ್ಬ ಬಂದ. ಅವನು ಬೆನ್ನಿನ ಚೀಲವನ್ನು ಇಳಿಸುವ ಮೊದಲೇ ಆ ಮಗು ಅವನ ತೊಡೆಯೇರಿತು. ಅದೇ ರೀತಿ ಕತ್ತು ತಬ್ಬಿತು. ಮೊಮ್ಮಗಳ ಮುಖ ಸಣ್ಣದಾಯಿತು. ನನಗೆ ಒಳಗೆ ಏನೋ ಚುಚ್ಚಿದಂತಾಯಿತು. ಮೂರು ಮಕ್ಕಳನ್ನು ಹೆತ್ತು ಸಾಕಿದವಳು ನಾನು. ಅಪರಿಚಿತರು ಬಂದರೆ ನಮ್ಮ ಮಕ್ಕಳು ತಾಯಿಯ ಸೆರಗಿನ ಹಿಂದೆ ಅಡಗುತ್ತವೆ, ಅಳುತ್ತವೆ. ಅಡಗಿಕೊಳ್ಳಲು ಒಂದು ಸೆರಗು ಇರುವ ಮಗುವಿನ ಲಕ್ಷಣ ಅದು. ಎಲ್ಲರ ಬಳಿಗೂ ಹೋಗುವ ಮಗುವಿಗೆ ತನ್ನವರೆಂಬ ಒಬ್ಬರಿಲ್ಲ. ನಾವು ಪ್ರೀತಿಯೆಂದು ತಿಳಿದದ್ದು ಹಸಿವಾಗಿತ್ತು.

ಮಕ್ಕಳಲ್ಲಿ ಎಂಟೊಂಬತ್ತು ವರ್ಷದ ಒಬ್ಬ ಹುಡುಗ ನನ್ನನ್ನು ಬಿಟ್ಟು ಅಗಲುತ್ತಿರಲಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಅಲ್ಲಿ ಚಿಕ್ಕ ಹುಡುಗರನ್ನು ಕರೆಯುವಂತೆ ನಾನೂ ಅವನನ್ನು "ಬಾಬು" ಎಂದೇ ಕರೆಯುತ್ತಿದ್ದೆ. ಚಲನಚಿತ್ರಗಳಿಂದ ಕಲಿತ ಹಿಂದಿ ಅವನಿಗೆ ಚೆನ್ನಾಗಿ ಬರುತ್ತಿತ್ತು. ಉಳಿದ ಸ್ವಯಂಸೇವಕರಿಗೆ ನೇಪಾಳಿಯೂ ತಿಳಿಯದು, ಹಿಂದಿಯೂ ತಿಳಿಯದು. ಆದುದರಿಂದ ಅವರಿಗೆ ಹೇಳದ ಸಂಗತಿಯನ್ನು ಅವನು ನನಗೆ ಹೇಳಿದ. ಒಂದು ಮಧ್ಯಾಹ್ನ ಅವನ ಅಂಗಿಗೆ ಗುಂಡಿ ಹಾಕುತ್ತಿದ್ದೆ. "ನಮ್ಮಮ್ಮನೂ ಹೀಗೆಯೇ ಹಲ್ಲಿನಿಂದ ದಾರ ಕತ್ತರಿಸುತ್ತಾಳೆ" ಎಂದ. ಕತ್ತರಿಸುತ್ತಿದ್ದಳು ಎನ್ನಲಿಲ್ಲ, ಕತ್ತರಿಸುತ್ತಾಳೆ ಎಂದ. ಹಿಂದಿ ಕಲಿಸಿದವಳು ನಾನು. ಕ್ರಿಯಾಪದದ ಕಾಲ ನನ್ನ ಕಿವಿಗೆ ತಪ್ಪುವುದಿಲ್ಲ. ವಿಚಾರಿಸಿದೆ. ತಾಯಿ ಹುಮ್ಲಾದಲ್ಲಿದ್ದಾಳೆ. ತಂದೆ ತೀರಿಹೋಗಿದ್ದಾನೆ. ಊರಿನ ಪರಿಚಯದ ಒಬ್ಬಾತ, ಮಗನನ್ನು ಒಳ್ಳೆಯ ಶಾಲೆಗೆ ಸೇರಿಸುತ್ತೇನೆಂದು ಹೇಳಿ, ತಾಯಿಯಿಂದ ಹಣವನ್ನೂ ಪಡೆದು ಇವನನ್ನು ಕರೆತಂದಿದ್ದಾನೆ. ಮೂರು ವರ್ಷದಿಂದ ತಾಯಿ ಮಗ ಮುಖ ನೋಡಿಲ್ಲ. ಅನಾಥಾಲಯದ ಗೋಡೆಯ ಮೇಲೆ ಅವನ ಚಿತ್ರದ ಕೆಳಗೆ ಮಾತ್ರ ಇಂಗ್ಲಿಷಿನಲ್ಲಿ "ತಂದೆತಾಯಿಯಿಲ್ಲದ ಮಗು" ಎಂದು ಬರೆದಿತ್ತು.

ಮೇಲ್ವಿಚಾರಕರನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಅಮ್ಮಾ, ಅಲ್ಲಿ ಅವನಿಗೆ ಏನಿದೆ? ಇಲ್ಲಿ ಊಟವಿದೆ, ಶಾಲೆಯಿದೆ. ಅನಾಥ ಎನ್ನದಿದ್ದರೆ ಯಾರು ಕೊಡುತ್ತಾರೆ?" ಎಂದರು. ಆ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೊಡುವವರು ನಾವೇ ಆಗಿದ್ದೆವು. ನಮಗೆ ಅನಾಥರು ಬೇಕಾಗಿದ್ದರು. ಆದುದರಿಂದ ಅನಾಥರು ಸಿದ್ಧವಾಗುತ್ತಿದ್ದರು.

ಹುಮ್ಲಾ ನೇಪಾಳದ ವಾಯವ್ಯ ಮೂಲೆಯ, ಟಿಬೆಟ್ಟಿಗೆ ತಗುಲಿದ ಅತಿ ದುರ್ಗಮವಾದ ಜಿಲ್ಲೆ. 1996ರಿಂದ 2006ರವರೆಗೆ ಆ ದೇಶದಲ್ಲಿ ನಡೆದ ಅಂತರ್ಯುದ್ಧದ ಕಾಲದಲ್ಲಿ ಮಕ್ಕಳನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ತಂದೆತಾಯಿಗಳ ಆತಂಕವನ್ನು ದಲ್ಲಾಳಿಗಳು ಬಂಡವಾಳ ಮಾಡಿಕೊಂಡರು. ಯುದ್ಧ ನಿಂತರೂ ಆ ದಾರಿ ಮುಚ್ಚಲಿಲ್ಲ. ಮಕ್ಕಳ ಗೃಹಗಳಲ್ಲಿ ಬಹುಪಾಲು ತಲೆಯೆತ್ತಿದ್ದು ಅತಿ ಬಡ ಜಿಲ್ಲೆಗಳಲ್ಲಿ ಅಲ್ಲ; ಕಠ್ಮಂಡು ಕಣಿವೆ, ಪೋಖರಾ, ಚಿತವನಗಳಂತಹ ಪ್ರವಾಸಿಗರು ಬರುವ ಕಡೆಗಳಲ್ಲಿ. ಅವುಗಳಲ್ಲಿರುವ ಬಹುತೇಕ ಮಕ್ಕಳಿಗೆ ತಂದೆ ತಾಯಿಗಳಲ್ಲಿ ಒಬ್ಬರಾದರೂ ಬದುಕಿದ್ದಾರೆಂದು ಯುನಿಸೆಫ್ ಹೇಳಿದೆ. ಕಾಂಬೋಡಿಯಾದಲ್ಲಿಯೂ ಇದೇ ಕಥೆ: ಅಲ್ಲಿಯ ಅನಾಥಾಲಯಗಳ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಅನಾಥರಲ್ಲ. ಇವೆಲ್ಲ ನನಗೆ ಆಗ ತಿಳಿದಿರಲಿಲ್ಲ. ತಿಳಿದುಕೊಳ್ಳದೆ ಹೋದದ್ದೇ ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ಹೊರಡುವ ದಿನ ಆಯಿತು. ಬೀಳ್ಕೊಡುಗೆಯ ಸಮಾರಂಭವಿತ್ತು. ಮಕ್ಕಳು ಸಾಲಾಗಿ ನಿಂತು ಹಾಡಿದರು, ಹಣೆಗೆ ತಿಲಕವಿಟ್ಟು ಕೊರಳಿಗೆ ರೇಷ್ಮೆಯ ವಸ್ತ್ರ ಹಾಕಿದರು. ಹಾಡು, ಕುಣಿತ, ವಂದನಾರ್ಪಣೆ ಒಂದೂ ತಪ್ಪಲಿಲ್ಲ. ತಪ್ಪುವುದಾದರೂ ಹೇಗೆ? ಹದಿನೈದು ದಿನಕ್ಕೊಮ್ಮೆ ಯಾರನ್ನಾದರೂ ಬೀಳ್ಕೊಟ್ಟು ಅವರಿಗೆ ಬಾಯಿಪಾಠವಾಗಿತ್ತು. ಬಾಬು ಸಾಲಿನಲ್ಲಿ ಇರಲಿಲ್ಲ. ಮಹಡಿಯ ಮೆಟ್ಟಿಲಿನ ಕೆಳಗೆ ಕುಳಿತಿದ್ದ. ಹತ್ತಿರ ಹೋಗಿ ತಲೆ ಸವರಿದೆ. ಅರವತ್ತು ವರ್ಷದ ಅಭ್ಯಾಸ ನಾಲಿಗೆಯ ಮೇಲಿತ್ತು. ಕನ್ನಡದ ಮಾತನ್ನೇ ಹಿಂದಿಗೆ ತಿರುಗಿಸಿ "ಜಾಕರ್ ಆತೀ ಹೂಂ, ಬೇಟಾ" ಎಂದೆ. ಅವನು ತಲೆಯೆತ್ತಿ ಕೇಳಿದ: "ಕಬ್?"

ಯಾವಾಗ? ನಮ್ಮ ಊರಿನಲ್ಲಿ ಈ ಮಾತಿಗೆ ಯಾರೂ ಹಾಗೆ ಕೇಳುವುದಿಲ್ಲ. ಇದು ಶಿಷ್ಟಾಚಾರವೆಂದು ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಆ ಮಗುವಿಗೆ ಅದು ಶಿಷ್ಟಾಚಾರವಾಗಿರಲಿಲ್ಲ; ವಚನವಾಗಿತ್ತು. ಇದು ಕೇವಲ ನಮ್ಮ ಕಡೆಯ ಮಾತಿನ ರೀತಿ ಎಂದು ನಾನು ತಿದ್ದಿ ಹೇಳಬಹುದಾಗಿತ್ತು. ಹೇಳಲಿಲ್ಲ. ವಾಹನ ಬಾಗಿಲಲ್ಲಿ ನಿಂತಿತ್ತು. "ದಶೈಂ ಹಬ್ಬಕ್ಕೆ" ಎಂದುಬಿಟ್ಟೆ. ಅವನು ಬೆರಳು ಮಡಚಿ ತಿಂಗಳುಗಳನ್ನು ಎಣಿಸತೊಡಗಿದ. ಎಣಿಸುತ್ತಿದ್ದವನನ್ನು ಅಲ್ಲಿಯೇ ಬಿಟ್ಟು ಬಂದೆ.

ಆ ವರ್ಷ ದಶೈಂ ಬಂದಿತು, ಹೋಯಿತು. ನನಗೆ ಮಂಡಿನೋವು, ಹಣದ ಅಡಚಣೆ, ಇನ್ನೊಂದು, ಮತ್ತೊಂದು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಮಿ ನಡುಗಿತು. ಆ ರಾತ್ರಿಯಿಡೀ ನಾನೂ ಮೊಮ್ಮಗಳೂ ಎರಡು ದೇಶಗಳಲ್ಲಿ ಕುಳಿತು ಒಂದೇ ಸಂಖ್ಯೆಗೆ ಕರೆ ಮಾಡುತ್ತಿದ್ದೆವು. ಯಾರೂ ಎತ್ತಲಿಲ್ಲ. ಕೆಲವು ವಾರಗಳ ನಂತರ ಹಿಂದಿನ ಸ್ವಯಂಸೇವಕಿಯೊಬ್ಬಳಿಂದ ಸುದ್ದಿ ತಿಳಿಯಿತು: ಮಕ್ಕಳಿಗೆ ಪ್ರಾಣಾಪಾಯವಾಗಿಲ್ಲ, ಆ ಮನೆ ಅದಕ್ಕೂ ಮೊದಲೇ ಮುಚ್ಚಿತ್ತು, ಕೆಲವರನ್ನು ಊರಿಗೆ ಕಳುಹಿಸಿದ್ದಾರೆ, ಕೆಲವರನ್ನು ಬೇರೆ ಬೇರೆ ಕಡೆ ಸೇರಿಸಿದ್ದಾರೆ. ಬಾಬು ಯಾವ ಪಾಲಿನಲ್ಲಿದ್ದನೆಂದು ಅವಳಿಗೆ ತಿಳಿದಿರಲಿಲ್ಲ. ಪ್ರತಿವರ್ಷ ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಬಂದಾಗ ನನಗೆ ಆ ಮಡಚಿದ ಬೆರಳುಗಳು ಕಾಣುತ್ತವೆ. ಕ್ಷಮಾವಾಣಿಯ ದಿನ ಎಲ್ಲರ ಮನೆಗೂ ಹೋಗಿ ಕೈಮುಗಿದು ಕ್ಷಮೆ ಕೇಳುತ್ತೇನೆ. ನಿಜವಾಗಿ ಕೇಳಬೇಕಾದವನ ವಿಳಾಸ ನನ್ನಲ್ಲಿಲ್ಲ.

ಮೊಮ್ಮಗಳು ಮಾತ್ರ ಸುಮ್ಮನಿರಲಿಲ್ಲ. ಅವಳು ಈ ವಿಷಯವನ್ನೇ ಓದಲು ತೊಡಗಿದಳು. ಓದಿದ್ದನ್ನು ನನಗೂ ತಿಳಿಸಿದಳು. 1951ರಷ್ಟು ಹಿಂದೆಯೇ ಜಾನ್ ಬೌಲ್ಬಿ ಎಂಬ ಇಂಗ್ಲೆಂಡಿನ ಮನೋವೈದ್ಯರು ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿ ಬರೆದು, ಎಳೆಯ ಮಗುವಿಗೆ ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿ ನಿಂತ ಒಬ್ಬರ ನಿರಂತರವಾದ ಆಪ್ತ ಸಂಬಂಧ ಅನ್ನದಷ್ಟೇ ಅವಶ್ಯಕವೆಂದು ತೋರಿಸಿದ್ದರು. 1969ರಲ್ಲಿ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿಗಳು ಹದಿನೇಳು ತಿಂಗಳ ಜಾನ್ ಎಂಬ ಮಗುವಿನ ಚಲನಚಿತ್ರವೊಂದನ್ನು ಹೊರತಂದರು. ತಾಯಿ ಎರಡನೆಯ ಹೆರಿಗೆಗೆ ಹೋದಾಗ ಆ ಮಗು ಒಂಬತ್ತು ದಿನ ಶಿಶುಗೃಹದಲ್ಲಿತ್ತು. ಅಲ್ಲಿಯ ದಾದಿಯರು ಒಳ್ಳೆಯವರು, ತರಬೇತಿ ಪಡೆದವರು. ಆದರೆ ಬೆಳಿಗ್ಗೆ ಒಬ್ಬಳು, ಸಂಜೆ ಒಬ್ಬಳು. ಮಗುವಿಗೆ ತನ್ನವಳೆಂದು ಹಿಡಿದುಕೊಳ್ಳಲು ಯಾರೂ ಸಿಗುವುದಿಲ್ಲ. ದಿನದಿಂದ ದಿನಕ್ಕೆ ಅದು ಊಟ ಬಿಟ್ಟು, ಆಟ ಬಿಟ್ಟು ಬಾಡುತ್ತದೆ. ಒಂಬತ್ತನೆಯ ದಿನ ತಾಯಿ ಬಂದಾಗ ಅವಳಿಂದಲೇ ಮುಖ ತಿರುಗಿಸುತ್ತದೆ. ರುಮೇನಿಯಾದ ರಾಜಧಾನಿ ಬುಖಾರೆಸ್ಟಿನ ಶಿಶುಗೃಹಗಳ 136 ಮಕ್ಕಳನ್ನು 2000ದ ನಂತರ ವರ್ಷಾನುಗಟ್ಟಲೆ ಅಭ್ಯಾಸ ಮಾಡಿದ ವಿಜ್ಞಾನಿಗಳೂ ಇದನ್ನೇ ಕಂಡರು. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಡಲಾಯಿತು. ಆ ಮಕ್ಕಳು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಹೆಚ್ಚು ಚೆನ್ನಾಗಿ ಚೇತರಿಸಿಕೊಂಡರು. ಸಿಕ್ಕಸಿಕ್ಕವರ ತೊಡೆಯೇರುವ ಆ ಲಕ್ಷಣವನ್ನೂ ಅವರು ಗುರುತಿಸಿದ್ದಾರೆ. ಮೊಮ್ಮಗಳು ಅದನ್ನು ಓದಿದ ರಾತ್ರಿ ದೂರವಾಣಿಯಲ್ಲಿ ಬಹಳ ಅತ್ತಳು.

ಲೋಕವೂ ನಿಧಾನವಾಗಿ ಎಚ್ಚೆತ್ತಿದೆ. ಆಸ್ಟ್ರೇಲಿಯಾದ ಸಂಸದೀಯ ಸಮಿತಿಯೊಂದು ಆಧುನಿಕ ಗುಲಾಮಗಿರಿಯನ್ನು ಕುರಿತು 2017ರಲ್ಲಿ ಕೊಟ್ಟ ವರದಿಯಲ್ಲಿ, ಅನಾಥಾಲಯಗಳಿಗಾಗಿ ನಡೆಯುವ ಮಕ್ಕಳ ಸಾಗಣೆಯನ್ನೂ ಸೇರಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಅನಾಥಾಲಯಗಳಲ್ಲಿ ಪ್ರವಾಸಿ ಸ್ವಯಂಸೇವೆಯಿಂದ ಆಗುವ ಹಾನಿಯನ್ನು ತಡೆಯಬೇಕೆಂದು ಸದಸ್ಯ ರಾಷ್ಟ್ರಗಳಿಗೆ ಕರೆಕೊಟ್ಟಿತು. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆ ಯಾವ ದಾರಿಯೂ ಇಲ್ಲದಾಗಿನ ಕೊನೆಯ ಉಪಾಯವಾಗಬೇಕೆಂದು ತತ್ತ್ವವಾಗಿ ಹೇಳಿದೆ.

ಆದರೆ ಇದನ್ನು ಅರಿಯಲು ನಮಗೆ ಪರದೇಶದ ವರದಿಗಳು ಬೇಕಾಗಿತ್ತೇ ಎಂದು ನಾನು ನನ್ನನ್ನೇ ಕೇಳಿಕೊಂಡಿದ್ದೇನೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆ ಮನೆಯಲ್ಲಿ ಮಕ್ಕಳಿಗೆ ಅನ್ನ ಸಿಗುತ್ತಿತ್ತು, ಔಷಧ ಸಿಗುತ್ತಿತ್ತು, ಅಕ್ಷರವೂ ಸಿಗುತ್ತಿತ್ತು. ಸಿಗದೆ ಇದ್ದದ್ದು ಅಭಯ. ಪ್ರಾಣವನ್ನು ಉಳಿಸುವುದು ಮಾತ್ರ ಅಭಯವೆಂದು ತಿಳಿದಿದ್ದೆ. ನಾಳೆ ಬೆಳಿಗ್ಗೆ ಕಣ್ಣು ತೆರೆದಾಗ ಇಂದು ಮಲಗಿಸಿದವರೇ ಎದುರಿಗಿರುತ್ತಾರೆಂಬ ನಂಬಿಕೆ ಮಗುವಿನ ಮೊದಲ ಅಭಯ. ಅದನ್ನು ಕೊಡಬಲ್ಲವರು ಉಳಿಯುವವರು ಮಾತ್ರ. ಆರು ವಾರಕ್ಕೆ ಬಂದ ನಾವು ಎಷ್ಟು ಹೆಚ್ಚು ಪ್ರೀತಿ ತೋರಿದೆವೋ ಅಷ್ಟು ದೊಡ್ಡ ಅಗಲಿಕೆಯನ್ನು ಆ ಮಕ್ಕಳಿಗೆ ಬಿಟ್ಟುಬಂದೆವು. ಇನ್ನೊಂದು ಮಾತು: ಹಿಂಸೆಯನ್ನು ವಿವರಿಸುವಾಗ ತತ್ತ್ವಾರ್ಥಸೂತ್ರ ದ್ವೇಷವನ್ನು ಮುಂದಿಡುವುದಿಲ್ಲ, ಪ್ರಮಾದವನ್ನು ಮುಂದಿಡುತ್ತದೆ. ಕೆಟ್ಟ ಮನಸ್ಸಿಲ್ಲದೆಯೂ ಎಚ್ಚರವಿಲ್ಲದ ಕಾರಣಕ್ಕೆ ಹಿಂಸೆ ಆಗಬಲ್ಲದು. ನೆಲದ ಮೇಲಿನ ಇರುವೆಯನ್ನು ತುಳಿಯದಂತೆ ನೋಡಿ ನಡೆಯುವ ನಾನು ಒಂದು ಮಗುವಿನ ಮನಸ್ಸಿನ ಮೇಲೆ ನೋಡದೆ ನಡೆದುಹೋದೆ. ದಾನದ ಫಲವನ್ನು ನಿರ್ಣಯಿಸುವಾಗ ಕೊಡುವವನ ಜೊತೆಗೆ ಕೊಡುವ ವಸ್ತು, ವಿಧಿ, ಪಾತ್ರಗಳನ್ನೂ ನೋಡಬೇಕೆಂದು ಅದೇ ಗ್ರಂಥ ಹೇಳುತ್ತದೆ. ನಾನು ಕೊಡುವವಳ ಸಂತೋಷವನ್ನು ಮಾತ್ರ ನೋಡಿದ್ದೆ.

ಹಾಗಾದರೆ ಮಕ್ಕಳಿಗೆ ವಸತಿ ಕಲ್ಪಿಸುವುದೇ ತಪ್ಪೇ ಎಂದು ಓದುಗರು ಕೇಳಬಹುದು. ಖಂಡಿತ ಅಲ್ಲ. ನಮ್ಮ ಸಮಾಜದ ಹಿರಿಯರು ಕಟ್ಟಿದ ವಿದ್ಯಾರ್ಥಿ ನಿಲಯಗಳಲ್ಲಿ ಉಂಡು ಓದಿದವರು ನಮ್ಮ ಮನೆಮನೆಗಳಲ್ಲಿದ್ದಾರೆ. ಉಜಿರೆಯ ಸಿದ್ಧವನ ಗುರುಕುಲ 1940ರಿಂದ ನಡೆದುಬಂದಿದೆ. ಕುಂಭೋಜದ ಜೈನ ಕುಟುಂಬದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಬಡಮಕ್ಕಳೂ ಒಟ್ಟಿಗೆ ಉಂಡು ಬಾಳುವ ನಿಲಯವನ್ನು ತೆರೆದರು. ಅಕ್ಕಿ ತರಲು ಹಣವಿಲ್ಲದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನು, ಕಡೆಗೆ ಮಾಂಗಲ್ಯವನ್ನೂ ಕೊಟ್ಟು ಮಕ್ಕಳ ಹೊಟ್ಟೆ ತುಂಬಿಸಿದ ಸಂಗತಿ ಪ್ರಸಿದ್ಧವಾಗಿದೆ. ಅವರ ಒಡವೆಗಿಂತ ದೊಡ್ಡದು ಅವರ ಇರುವಿಕೆ. ಅವರು ಹದಿನೈದು ದಿನಕ್ಕೆ ಬಂದ ಅತಿಥಿಯಾಗಿರಲಿಲ್ಲ. ಆ ಮಕ್ಕಳ ನಡುವೆಯೇ ಬಾಳಿದವರು. ಆ ನಿಲಯಗಳ ಮಕ್ಕಳು ರಜೆಯಲ್ಲಿ ತಮ್ಮ ಮನೆಗೂ ಹೋಗುತ್ತಿದ್ದರು. ಮನೆಯಿರುವ ಮಗುವಿಗೆ ಓದಲು ನಿಲಯ ಕೊಡುವುದು ಒಂದು. ನಿಲಯಕ್ಕಾಗಿ ಮಗುವಿನ ಮನೆಯನ್ನು ಅಳಿಸುವುದು ಬೇರೊಂದು.

ನಮ್ಮೂರಿನಿಂದ ಕೂಗಳತೆಯಲ್ಲಿರುವ ಸಕ್ರೆಬೈಲಿನಲ್ಲಿ ದಿನವೂ ನೂರಾರು ಜನ ಬೆಳಿಗ್ಗೆ ತುಂಗೆಯಲ್ಲಿ ಆನೆಗಳ ಸ್ನಾನ ನೋಡಲು ಬರುತ್ತಾರೆ. ಮುಟ್ಟುತ್ತಾರೆ, ಚಿತ್ರ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಆದರೆ ಒಂದು ಆನೆಗೆ ಒಬ್ಬ ಮಾವುತ, ಒಬ್ಬ ಕಾವಾಡಿ ಎಂದು ಗೊತ್ತಿರುತ್ತದೆ. ಬಂದವರ ಕೈಗೆಲ್ಲ ಆನೆಯ ಮರಿಯನ್ನು ಒಪ್ಪಿಸುವುದಿಲ್ಲ. ಆನೆಗೆ ಬೇಕೆಂದು ನಾವು ಒಪ್ಪುವ ನಿಯಮವನ್ನು ಮನುಷ್ಯರ ಮಗುವಿಗೆ ಏಕೆ ಮರೆಯುತ್ತೇವೆ?

ಇನ್ನು ನಮ್ಮ ಮನೆಗಳ ಮಾತು. ನೇಪಾಳಕ್ಕೆ ಹೋಗದೆಯೂ ನಾವು ಈ ತಪ್ಪನ್ನು ಮಾಡುತ್ತೇವೆ. ಮಗನ ಹುಟ್ಟುಹಬ್ಬವನ್ನು ಅನಾಥಾಶ್ರಮದಲ್ಲಿ ಆಚರಿಸುವುದು ಈಗ ಬೆಳೆದುಬಂದಿರುವ ಪದ್ಧತಿ. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿಯ ಮಕ್ಕಳು ಸಾಲಾಗಿ ನಿಂತು, ತಂದೆತಾಯಿಗಳ ನಡುವೆ ನಿಂತ ನಮ್ಮ ಮಗುವಿಗೆ ಚಪ್ಪಾಳೆ ತಟ್ಟಬೇಕು. ತಮ್ಮ ಹುಟ್ಟಿದ ದಿನ ಯಾವುದೆಂದು ಅವರಲ್ಲಿ ಕೆಲವರಿಗೆ ಗೊತ್ತಿರುವುದಿಲ್ಲ. ಸಿಹಿಯೂಟದ ನಂತರ ಚಿತ್ರ ತೆಗೆಸಿಕೊಂಡು ನಾವು ಹೊರಡುತ್ತೇವೆ, ಹೊರಡುವಾಗ ಅಭ್ಯಾಸಬಲದಿಂದ ಅದೇ ಮಾತು: "ಹೋಗಿ ಬರ್ತೀವಿ."

ಕೆಲವು ವರ್ಷಗಳ ಹಿಂದೆ ನಾನು ಸದಸ್ಯಳಾಗಿರುವ ಒಂದು ಸಣ್ಣ ಟ್ರಸ್ಟಿನ ಮುಂದೆ ಒಬ್ಬ ತಾಯಿಯ ಅರ್ಜಿ ಬಂದಿತು. ಅಡಿಕೆ ಸುಲಿಯುವ ಕೂಲಿಕೆಲಸ. ಗಂಡ ತೀರಿಹೋಗಿ ಒಂದು ವರ್ಷ. ಎರಡು ಮಕ್ಕಳನ್ನು ಎಲ್ಲಿಯಾದರೂ ಉಚಿತವಾಗಿ ಇಟ್ಟುಕೊಳ್ಳುವ ಆಶ್ರಮಕ್ಕೆ ಸೇರಿಸಿಕೊಡಬೇಕೆಂದು ಪ್ರಾರ್ಥನೆ. ಸಭೆ ಒಪ್ಪುವುದರಲ್ಲಿತ್ತು. ನಾನು ಎದ್ದು ನಿಂತು ಆ ತಾಯಿಯನ್ನೇ ಕೇಳಿದೆ: "ತಂಗೀ, ಮಕ್ಕಳು ನಿನ್ನ ಜೊತೆಯಲ್ಲೇ ಇರಬೇಕಾದರೆ ತಿಂಗಳಿಗೆ ಏನು ಬೇಕು?" ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಅದುವರೆಗೆ ಯಾರೂ ಆ ಪ್ರಶ್ನೆಯನ್ನು ಕೇಳಿರಲಿಲ್ಲವಂತೆ. ಬಾಡಿಗೆ, ರೇಷನ್ ಅಂಗಡಿಯಲ್ಲಿ ಸಿಗದ ಸಾಮಾನು, ಶಾಲೆಯ ಖರ್ಚು ಎಂದು ಅವಳು ಬೆರಳು ಮಡಚಿ ಲೆಕ್ಕ ಹೇಳತೊಡಗಿದಳು. ನನಗೆ ಆ ಬೆರಳುಗಳನ್ನು ನೋಡಲಾಗಲಿಲ್ಲ. ಮೊತ್ತ ಮಾತ್ರ, ಇಬ್ಬರು ಮಕ್ಕಳನ್ನು ಆಶ್ರಮದಲ್ಲಿ ಸಾಕಲು ತಗಲುವುದಕ್ಕಿಂತ ಕಡಿಮೆಯೇ ಇತ್ತು.

ಸಭೆಯಲ್ಲಿ ಭಿನ್ನಾಭಿಪ್ರಾಯ ಬಂದಿತು. "ಒಂದು ಕೋಣೆ ಕಟ್ಟಿಸಿಕೊಟ್ಟರೆ ಶಾಶ್ವತವಾಗಿ ಉಳಿಯುತ್ತದೆ, ದಾನಿಗಳ ಹೆಸರೂ ಇರುತ್ತದೆ. ಒಂದು ಮನೆಗೆ ಪ್ರತಿ ತಿಂಗಳು ಕೊಟ್ಟರೆ ಏನು ಕಾಣುತ್ತದೆ?" ಎಂದು ಹಿರಿಯರೊಬ್ಬರು ಕೇಳಿದರು. ಅವರ ಮಾತಿನಲ್ಲಿ ಸತ್ಯವಿದೆ. ಏನೂ ಕಾಣುವುದಿಲ್ಲ. ತಾಯಿಯ ಪಕ್ಕದಲ್ಲಿ ಮಲಗಿದ ಮಗುವಿನ ಮೇಲೆ ಶಿಲಾಫಲಕ ಹಾಕಲು ಬರುವುದಿಲ್ಲ. ಆದರೆ ಮರುದಿನ ಮೊದಲ ತಿಂಗಳ ಹಣವನ್ನು ತಂದುಕೊಟ್ಟವರು ಅದೇ ಹಿರಿಯರು. ಮುಂದೆ ವಿಚಾರಿಸಿದಾಗ, ಇಂತಹ ಮಕ್ಕಳಿಗಾಗಿಯೇ ಸರ್ಕಾರದ ಪ್ರಾಯೋಜಕತ್ವ ಯೋಜನೆಯಿದೆ ಎಂದು ತಿಳಿಯಿತು. ಮಿಷನ್ ವಾತ್ಸಲ್ಯದ ಅಡಿಯಲ್ಲಿ ಅರ್ಹತೆಯುಳ್ಳ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯುತ್ತದೆ. ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಸಲ್ಲಿಸಬಹುದು. ಅರ್ಜಿ ತುಂಬಿಸಿ, ದಾಖಲೆ ಒದಗಿಸಿ, ಮಂಜೂರಾಗುವವರೆಗೆ ಕೈಹಿಡಿದು ನಡೆಸುವುದೂ ಒಂದು ಸೇವೆಯೇ. ಅದಕ್ಕೆ ಪರದೇಶದ ಪ್ರಯಾಣ ಬೇಕಿಲ್ಲ.

ನಿಜವಾಗಿ ಯಾರೂ ಇಲ್ಲದ ಮಕ್ಕಳೂ ಇದ್ದಾರೆ. ಮನೆಯೇ ಅಪಾಯವಾದ ಮಕ್ಕಳೂ ಇದ್ದಾರೆ. ಅವರಿಗೆ ದತ್ತು, ಸಾಕು ಕುಟುಂಬ, ಅದೂ ದೊರೆಯದಿದ್ದರೆ ಒಳ್ಳೆಯ ಪಾಲನಾ ಗೃಹ ಬೇಕು. ಅಂತಹ ಗೃಹಕ್ಕೆ ಕೊಡುವಾಗ ನಮ್ಮ ಟ್ರಸ್ಟುಗಳು ಕೆಲವು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬಾರದು. ಬಾಲನ್ಯಾಯ ಕಾಯಿದೆಯಂತೆ ನೋಂದಣಿಯಾಗಿದೆಯೇ? ಮಕ್ಕಳು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬಂದವರೇ? ಬಂಧುಗಳಿರುವ ಮಕ್ಕಳು ಅವರನ್ನು ಕಾಣುತ್ತಾರೆಯೇ? ಕಳೆದ ವರ್ಷ ಎಷ್ಟು ಮಕ್ಕಳು ಮರಳಿ ಮನೆ ಸೇರಿದರು? ರಾತ್ರಿ ಮಕ್ಕಳೊಡನೆ ಮಲಗುವ ತಾಯಿ ಎಷ್ಟು ವರ್ಷದಿಂದ ಅಲ್ಲಿದ್ದಾಳೆ, ಅವಳಿಗೆ ಸಂಬಳವೆಷ್ಟು? ಬಂದ ಅಪರಿಚಿತರನ್ನೆಲ್ಲ ಮಕ್ಕಳ ಬಳಿಗೆ ಬಿಡುವ ಗೃಹವನ್ನು ಹೊಗಳಬೇಡಿ. ಬಾಗಿಲಲ್ಲಿ ತಡೆದು ನಿಲ್ಲಿಸುವ ಗೃಹವನ್ನು ಗೌರವಿಸಿ. ಮಗನ ಹುಟ್ಟುಹಬ್ಬಕ್ಕೆ ಕೊಡುವುದಿದ್ದರೆ ಮಕ್ಕಳ ಮುಂದೆ ನಿಲ್ಲದೆ, ಆ ದಿದಿಯಂಥವಳ ಒಂದು ತಿಂಗಳ ಸಂಬಳವನ್ನು ಕೊಡಿ. ಅವಳು ಉಳಿದರೆ ಮಕ್ಕಳಿಗೆ ಅಭಯ ಉಳಿಯುತ್ತದೆ. ಪರದೇಶಗಳಲ್ಲಿ ನೆಲೆಸಿರುವ ನಮ್ಮ ಮೊಮ್ಮಕ್ಕಳು ಸೇವೆಗೆಂದು ಹೊರಟಾಗ ಅವರ ಉತ್ಸಾಹವನ್ನು ತಣಿಸಬೇಡಿ, "ಎಷ್ಟು ದಿನ ಇರುತ್ತೀಯೆ? ಹೊರಟ ಮೇಲೆ ಆ ಮಗುವಿಗೆ ಯಾರಿರುತ್ತಾರೆ?" ಎಂದು ಮಾತ್ರ ಕೇಳಿ. ನನ್ನ ಮೊಮ್ಮಗಳನ್ನು ನಾನು ಕೇಳಲಿಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ.

ಆ ತಾಯಿಯ ಇಬ್ಬರು ಮಕ್ಕಳು ಈಗಲೂ ಅವಳ ಜೊತೆಯಲ್ಲಿಯೇ ಇದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ ನಾನು ಅವರ ಮನೆಗೆ ಹೋಗುತ್ತೇನೆ. ಹಿರಿಯವಳಿಗೆ ಹಿಂದಿ ಪಾಠ ಹೇಳುತ್ತೇನೆ. ಮೊದಲ ಸಲ ಹೋದಾಗ ಕಿರಿಯ ಹುಡುಗ ನನ್ನನ್ನು ಕಂಡು ಓಡಿಹೋಗಿ ತಾಯಿಯ ಸೆರಗಿನ ಹಿಂದೆ ಅಡಗಿಕೊಂಡ. ನನಗೆ ಅಂದು ಆದ ಸಂತೋಷವನ್ನು ಅವನ ತಾಯಿ ಅರ್ಥಮಾಡಿಕೊಂಡಿರಲಾರಳು. ಮಗ ಅಜ್ಜಿಗೆ ಅಗೌರವ ತೋರಿಸಿದನೆಂದು ಅವಳು ನಾಚಿಕೊಂಡಳು. ಈಗ ಅವನು ಹೊಸ್ತಿಲವರೆಗೆ ಬರುತ್ತಾನೆ. ಹೊರಡುವಾಗ "ಹೋಗಿ ಬರ್ತೀನಿ, ಮಗಾ" ಎನ್ನುತ್ತೇನೆ. ಅವನು ಯಾವಾಗ ಎಂದು ಕೇಳುವುದಿಲ್ಲ. ನಾನೇ ದಿನ ಹೇಳುತ್ತೇನೆ. ಮತ್ತು ಹೋಗುತ್ತೇನೆ.